ಇಲ್ಲದ ಕಾರು

ಕಿಟಕಿಯ ಸೀಟು ಬಿಟ್ಟುಕೊಟ್ಟದ್ದಕ್ಕೆ ಆ ಮನುಷ್ಯ ಒಂದು ಮಾತೂ ಹೇಳಲಿಲ್ಲ. ರೈಲು ಎರ್ನಾಕುಲಂ ಬಿಟ್ಟು ವೇಗ ಹಿಡಿಯುವಷ್ಟರಲ್ಲಿ ಗಾಜಿಗೆ ಕೆನ್ನೆ ಒತ್ತಿ, ಬಾಯಿ ತೆರೆದು, ಗೊರಕೆ ಹೊಡೆಯತೊಡಗಿದ್ದ. ಅಜಿತ್ ನಡುವಿನ ಸೀಟಿನಲ್ಲಿ ಮೊಣಕೈಗಳನ್ನು ಮೈಗೆ ಒತ್ತಿಕೊಂಡು ಕೂತು, ತಾನು ಸೀಟು ಕೊಟ್ಟದ್ದು ಉಪಕಾರ ಸ್ಮರಣೆಗಾಗಿ ಅಲ್ಲ ಎಂದು ತನಗೇ ಹೇಳಿಕೊಂಡ. ಹೇಳಿಕೊಂಡರೂ ಸಿಟ್ಟು ಇಳಿಯಲಿಲ್ಲ. ಆಮೇಲೆ, ತನಗೆ ಸಿಟ್ಟು ಬಂದಿದೆ ಎಂದು ತಾನೇ ಗುರುತಿಸಿದೆನಲ್ಲ, ಬೇರೆ ಯಾರಾದರೂ ಆಗಿದ್ದರೆ ಗುರುತಿಸುತ್ತಲೂ ಇರಲಿಲ್ಲ ಎನ್ನಿಸಿ ಕೊಂಚ ಹಾಯೆನಿಸಿತು. ಹಾಯೆನಿಸಿದ್ದೂ ಅಹಂಕಾರವೇ ಅಲ್ಲವೇ ಎಂದು ಮರುಕ್ಷಣ ಹೊಳೆಯಿತು. ಅದು ಹೊಳೆದದ್ದಕ್ಕೆ ಮತ್ತೆ ಖುಷಿಯಾಯಿತು. ಕುಡಿತ ಬಿಟ್ಟಂದಿನಿಂದ ಅವನ ತಲೆಯೊಳಗೆ ಇದೇ ಕೆಲಸ. ಮೊದಲಾದರೆ ಸಂಜೆಯಾಗುತ್ತಲೇ ಎರಡು ಪೆಗ್ಗು ಬಿದ್ದು ತಲೆ ಬಂದ್ ಆಗುತ್ತಿತ್ತು. ಈಗ ಅದು ದಿನವಿಡೀ ತೆರೆದೇ ಇರುತ್ತದೆ. ಚಹಾ ಮಾರುವವನು ಬಂದಾಗ ಅವನು ಪಕ್ಕದ ಮುದುಕಿಗೆ ಮೊದಲು ಕೊಡಿ ಎಂದು ಸನ್ನೆ ಮಾಡಿದ. ಮುದುಕಿ ಬೇಡವೆಂದಳು.

ಹಿಂದಿನ ಸಂಜೆ ತೇಜಸ್ವಿನಿ ತಿರುವನಂತಪುರದಿಂದ ಫೋನ್ ಮಾಡಿದ್ದಳು. ಅವನನ್ನು ಬಿಟ್ಟು ಮಗಳನ್ನು ಕರೆದುಕೊಂಡು, ಕಂಪನಿಯಲ್ಲಿ ವರ್ಗ ಕೇಳಿಕೊಂಡು ಅಲ್ಲಿಗೆ ಹೋದ ಮೇಲೆ ಅವಳಾಗಿ ಮಾಡಿದ ಮೊದಲ ಫೋನ್ ಅದು. ಎಡಪ್ಪಳ್ಳಿಯಲ್ಲಿ ಕುಡಿತ ಬಿಡಿಸುವ ಮನೆಯ ಅಡುಗೆಕೋಣೆಯಲ್ಲಿ ಅವನು ಮರಗೆಣಸಿನ ಕಪ್ಪ ಬೇಯಿಸುತ್ತಿದ್ದ. ಹೆಂಡತಿಯ ಹೆಸರು ಫೋನಿನ ಮೇಲೆ ಬೆಳಗಿದ ಕೂಡಲೇ ಕೈ ಒರೆಸಿಕೊಳ್ಳುವುದನ್ನೂ ಮರೆತಿದ್ದ.

"ನೀವು ಒಂದು ಸಲ ಇಲ್ಲಿಗೆ ಬರ್ಬೇಕು," ಎಂದಿದ್ದಳು. "ಬಂದು ಕೃತಿಗೆ ಹೇಳ್ಬೇಕು. ಆ ಕಾರಿನದ್ದು ಆಗ್ಲೇ ಇಲ್ಲ ಅಂತ."

"ಯಾವ ಕಾರಿನದ್ದು?"

"ಯಾವುದು ಅಂತ ನಿಮಗೆ ಗೊತ್ತುಂಟು. ನಿಮ್ಮ ಸಾಕ್ಷಿಯದ್ದು. ಅವಳ ಕ್ಲಾಸಿನ ಮಕ್ಕಳ ಫೋನಿನಲ್ಲೆಲ್ಲ ಆ ವಿಡಿಯೋ ಉಂಟು. ಶಾಲೆಯ ಬಸ್ಸಿನಲ್ಲಿ ಗಾಜು ಹಾಕಿದ್ರೆ ಅವಳಿಗೆ ಉಸಿರು ಕಟ್ಟುತ್ತದೆ ಈಗ. ಹೋದ ವಾರ ನಡುದಾರಿಯಲ್ಲಿ ಇಳಿಸಿ ನನ್ನನ್ನು ಕರೆದ್ರು. ತನಗೆ ಎಲ್ಲ ನೆನಪುಂಟು ಅಂತಾಳೆ."

"ನೆನಪುಂಟು ಅಂತಾಳಾ?"

"ಎಂತ ನೆನಪು ಮಾರಾಯ್ರೆ? ಅವಳಿಗೆ ಮೂರು ವರ್ಷ ಆಗುವಾಗ ನಮ್ಮ ಹತ್ರ ಕಾರು ಎಲ್ಲಿತ್ತು? ಒಂದು ಸ್ಕೂಟರ್ ಇತ್ತು, ಅದು ಸಹ ದೂಡಿದ್ರೆ ಹೋಗುದು. ನಾನು ಹೇಳಿ ಹೇಳಿ ಸಾಕಾಯ್ತು. ನಂಬುದಿಲ್ಲ. ನಾನು ನಿಮ್ಮನ್ನು ಮುಚ್ಚಿ ಹಾಕ್ಲಿಕ್ಕೆ ಸುಳ್ಳು ಹೇಳುದಂತೆ."

ಅದರಲ್ಲಿ ಮಗಳ ತಪ್ಪೇನೂ ಇರಲಿಲ್ಲ. ಬುದ್ಧಿ ಬಂದಾಗಿನಿಂದ ಅವಳು ಕಂಡ ಅಮ್ಮ ಅದೇ ತಾನೆ? ಅಜಿತ್ ಬಚ್ಚಲಿನಲ್ಲಿ ಬಿದ್ದುಕೊಂಡಿರುವಾಗ ಅವನ ಆಫೀಸಿಗೆ ಫೋನ್ ಮಾಡಿ ಜ್ವರ ಎನ್ನುತ್ತಿದ್ದವಳು, ಕಾಸರಗೋಡಿನ ಅತ್ತೆಗೆ ಟೂರಿನಲ್ಲಿದ್ದಾರೆ ಎನ್ನುತ್ತಿದ್ದವಳು, ನೆರೆಯವರಿಗೆ ಮೆಟ್ಟಿಲು ಜಾರಿತು ಎನ್ನುತ್ತಿದ್ದವಳು. ಈಗ ಅಪರೂಪಕ್ಕೆ ನಿಜ ಹೇಳಹೊರಟರೆ ನಂಬುವವರು ಯಾರು? ತೇಜಸ್ವಿನಿ ಫೋನಿಡುವ ಮೊದಲು, "ಹೇಳಿ. ಹೇಳಿದ ಮೇಲೆ ಮನೆಗೆ ಬರುದರ ಬಗ್ಗೆ ಮಾತಾಡುವ," ಎಂದಿದ್ದಳು. ಮನೆ ಎಂಬ ಶಬ್ದ ಕೇಳಿ ಅವನು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದ. ಕಪ್ಪ ತಳ ಹಿಡಿದಿತ್ತು.

ಆ ಕಾರು ಎಲ್ಲಿಂದ ಬಂತು ಎಂದು ಅವನಿಗೆ ಚೆನ್ನಾಗಿ ಗೊತ್ತಿದೆ. ಎಡಪ್ಪಳ್ಳಿಯ ಆ ಮನೆಯಲ್ಲಿ ಮೊದಲು ಕಲಿಸುವುದೇ ತಗ್ಗುವುದನ್ನು. ಬಂದವನು ಎಂಜಿನಿಯರಾಗಲಿ, ಮೀನು ಲೋಡು ಮಾಡುವವನಾಗಲಿ, ಮೊದಲು ಕಕ್ಕಸು ತೊಳೆಯಬೇಕು, ಇತರರ ಎಲೆ ಎತ್ತಬೇಕು. ಅಜಿತನಿಗೆ ಇದು ಬೇಗ ಒಗ್ಗಿತು. ಎಷ್ಟು ಒಗ್ಗಿತೆಂದರೆ ಉಳಿದವರಿಗೆ ಅವನನ್ನು ಕಂಡರೆ ಮುಖ ಗಂಟಾಗುತ್ತಿತ್ತು. ಊಟಕ್ಕೆ ಕೊನೆಯವನಾಗಿ ನಿಲ್ಲಬೇಕೆಂದು ಅವನು ಹಿಂದೆ ಸರಿದರೆ ಇನ್ನೊಬ್ಬನೂ ಸರಿಯುತ್ತಿದ್ದ, ಮತ್ತೊಬ್ಬನೂ ಸರಿಯುತ್ತಿದ್ದ. ಕೊನೆಗೆ ಸಾಲು ಗೋಡೆಗೆ ತಾಗಿ ನಿಂತು, ಬಡಿಸುವವನು ಬೈದು, ಗಂಜಿ ಆರಿ ತಣ್ಣಗಾಗುತ್ತಿತ್ತು. ಮನೆ ನಡೆಸುವ ಚೆರಿಯಾನ್ ಬ್ರದರ್ ತಾನೂ ಒಂದು ಕಾಲಕ್ಕೆ ಕುಡಿದು ಗಟಾರದಲ್ಲಿ ಮಲಗಿದವರು. ಪ್ರಾರ್ಥನಾ ಸಭೆಗಳಲ್ಲಿ ಜನರೆದುರು ತಮ್ಮ ಪಾಪ ಒಪ್ಪಿಕೊಂಡು ಸಾಕ್ಷಿ ಹೇಳಲೆಂದು ಹುಡುಗರನ್ನು ವ್ಯಾನಿನಲ್ಲಿ ತುಂಬಿಕೊಂಡು ಊರೂರು ಸುತ್ತುತ್ತಿದ್ದರು. ಕಾಸರಗೋಡಿನ ಮಿಷನ್ ಸಭೆಯಲ್ಲಿ ಬೆಳೆದ ಅಜಿತ್ ಅಂಥದ್ದನ್ನು ಕಂಡವನೇ ಅಲ್ಲ. ಅಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಕನ್ನಡದ ಕೀರ್ತನೆ ಹಾಡಿ, ಪಾಪವೇನಿದ್ದರೂ ಬಾಯಿಮುಚ್ಚಿ ದೇವರಿಗೆ ಒಪ್ಪಿಸಿ, ಮನೆಗೆ ಬಂದು ಕೋಳಿಸಾರು ಉಣ್ಣುತ್ತಿದ್ದರು. ಇಲ್ಲಿ ಮೈಕ್ ಕೊಡುತ್ತಾರೆ. ಮೊದಲ ಎರಡು ಸಲ ಅವನು ಆಗಿದ್ದನ್ನು ಆಗಿದ್ದ ಹಾಗೆಯೇ ಹೇಳಿದ: ಕೆಲಸ ಹೋದದ್ದು, ಸ್ಕೂಟರಿನಿಂದ ಬಿದ್ದದ್ದು, ಹೆಂಡತಿಗೆ ಸುಳ್ಳು ಹೇಳಿದ್ದು. ಜನ ಸುಮ್ಮನೆ ಕೂತಿದ್ದರು. ವಾಪಸು ಬರುವಾಗ ವ್ಯಾನಿನ ಕತ್ತಲಲ್ಲಿ ಬ್ರದರ್ ಅವನ ತೊಡೆ ತಟ್ಟಿ, "ನಿನ್ನ ಸಾಕ್ಷಿಯಲ್ಲಿ ಕತ್ತಲೆ ಸಾಲದು ಮೋನೇ," ಎಂದರು. ಸುಳ್ಳು ಹೇಳು ಎಂದೇನೂ ಅವರು ಹೇಳಲಿಲ್ಲ. ಪ್ರಾರ್ಥಿಸು, ಒಳಗೆ ಇನ್ನೂ ಏನೋ ಇದೆ, ಅದು ಬರುತ್ತದೆ ಎಂದರು.

ಬಂತು. ಕೋಟ್ಟಯದ ಕಡೆಯ ಒಂದು ಸಭೆಯಲ್ಲಿ, ಅವನಿಗಿಂತ ಮೊದಲು ಎದ್ದ ಹುಡುಗನೊಬ್ಬ, ತಾಯಿ ಐಸಿಯುನಲ್ಲಿರುವಾಗ ಅವಳ ಮಾಲೆ ಕದ್ದು ಮಾರಿದ್ದನ್ನು ಹೇಳಿ ಹೆಂಗಸರನ್ನೆಲ್ಲ ಅಳಿಸಿಬಿಟ್ಟಿದ್ದ. ಅದಾದ ಮೇಲೆ ಅಜಿತನ ಸ್ಕೂಟರನ್ನು ಕೇಳುವವರು ಯಾರು? ಮೂರನೆಯ ಸಾಲಿನಲ್ಲಿ ದಪ್ಪ ಕನ್ನಡಕದ ಒಬ್ಬಾಕೆ ಫೋನ್ ತೆಗೆದು ನೋಡತೊಡಗಿದಳು. ಅವಳ ಬೆರಳು ಫೋನಿನ ಮೇಲೆ ಆಡುವುದನ್ನೇ ನೋಡುತ್ತಿದ್ದವನ ಬಾಯಿಂದ, "ಒಂದು ದಿನ ನನ್ನ ಮೂರು ವರ್ಷದ ಮಗಳನ್ನು ಕಾರಿನಲ್ಲಿ ಕೂಡಿ ಹಾಕಿ ನಾನು ಬಾರಿಗೆ ಹೋದೆ," ಎಂಬ ಮಾತು ಹೊರಬಿತ್ತು. ಆಕೆ ತಲೆ ಎತ್ತಿದಳು. ಅವಳು ತಲೆ ಎತ್ತಿದ್ದನ್ನು ಅವನು ಇವತ್ತಿಗೂ ಮರೆತಿಲ್ಲ. ಆಮೇಲೆ ಮಾತು ತಾನಾಗಿ ಹರಿಯಿತು: ನಡುಮಧ್ಯಾಹ್ನ, ಮುಚ್ಚಿದ ಗಾಜು, ಒಳಗೆ ಬೆವರಿ ನೀಲಿಗಟ್ಟಿದ ಮಗು, ದಾರಿಯಲ್ಲಿ ಹೋಗುತ್ತಿದ್ದ ಕೂಲಿಯವನೊಬ್ಬ ಕಲ್ಲು ತೆಗೆದು ಗಾಜು ಒಡೆದದ್ದು, ಆ ಕೂಲಿಯವನು ಯಾರೆಂದು ಇಂದಿಗೂ ಗೊತ್ತಿಲ್ಲದ್ದು. ಸಭೆ ಗೊಳೋ ಎಂದಿತು. ಅವನೂ ಅತ್ತ, ನಿಜವಾಗಿಯೇ ಅತ್ತ. ಅಷ್ಟು ಕಣ್ಣೀರು ಬಂದ ಮೇಲೆ ಅದು ಪೂರಾ ಸುಳ್ಳು ಹೇಗಾದೀತು? ಕಾರು ಇದ್ದಿದ್ದರೆ ತಾನು ಹಾಗೆ ಮಾಡಿಯೇ ಮಾಡುತ್ತಿದ್ದೆ. ಮನಸ್ಸಿನಲ್ಲಿ ಮಾಡಿದ್ದೂ ಮಾಡಿದ ಹಾಗೆಯೇ ಎಂದು ಅವನು ಅಂದುಕೊಂಡ. ಮುಂದಿನ ಸಭೆಯಲ್ಲಿ ಕಾರಿಗೆ ನೀಲಿ ಬಣ್ಣ ಬಂತು, ಅದರ ಮುಂದಿನದ್ದರಲ್ಲಿ ಹಾಲಿನ ಬಾಟಲಿ. ಅದನ್ನು ಯಾರೋ ಫೋನಿನಲ್ಲಿ ಹಿಡಿದು ಊರೆಲ್ಲ ಹರಡಿದರು.

ನಿಜಕ್ಕೂ ಒಂದು ಬಾಟಲಿ ಇತ್ತು, ಅದು ಹಾಲಿನದ್ದಲ್ಲ. ಕೃತಿ ಒಂದನೇ ಕ್ಲಾಸಿನಲ್ಲಿದ್ದಾಗ ಅವಳ ಗುಲಾಬಿ ನೀರಿನ ಬಾಟಲಿಯಲ್ಲಿ ಅವನು ವೋಡ್ಕಾ ಬಚ್ಚಿಟ್ಟಿದ್ದ. ಬೆಳಿಗ್ಗೆ ಗಡಿಬಿಡಿಯಲ್ಲಿ ಅದೇ ಅವಳ ಬ್ಯಾಗಿಗೆ ಹೋಯಿತು. ಊಟದ ಹೊತ್ತಿಗೆ ಗುಟುಕರಿಸಿ ಮಗು ವಾಂತಿ ಮಾಡಿ, ಹೆಡ್ ಮಿಸ್ಟ್ರೆಸ್ ಕೋಣೆಯಲ್ಲಿ ಒದ್ದೆ ಯೂನಿಫಾರ್ಮಿನಲ್ಲಿ ನಿಂತಿತ್ತು. ಅವನು ಶರ್ಟು ಇಸ್ತ್ರಿ ಮಾಡಿಕೊಂಡು ಹೋಗಿ, ಎಲ್ಲರ ಎದುರು ಗಟ್ಟಿ ದನಿಯಲ್ಲಿ, "ಯಾರು ಕೊಟ್ಟದ್ದು ನಿನಗೆ? ಹೇಳು," ಎಂದು ಕೇಳಿದ. ಮಗು ಅವನ ಮುಖ ನೋಡಿತು. ಕೊನೆಗೆ ತಪ್ಪನ್ನು ಮನೆಗೆಲಸದ ಸರಸು ಚೇಚಿಯ ಮೇಲೆ ಹಾಕಿ ಅವಳನ್ನು ಕೆಲಸದಿಂದ ಬಿಡಿಸಿದ್ದಾಯಿತು, ತೇಜಸ್ವಿನಿಯೂ ತಲೆಯಾಡಿಸಿದಳು. ಇದನ್ನು ಅವನು ಯಾವ ಮೈಕಿನಲ್ಲೂ ಹೇಳಲಿಲ್ಲ. ಹೇಳಿದರೆ ಜನ ಅಳುತ್ತಿರಲಿಲ್ಲ, ಅಸಹ್ಯಪಟ್ಟು ಮುಖ ತಿರುಗಿಸುತ್ತಿದ್ದರು. ಕಾರಿನ ಕಥೆಯಲ್ಲಿ ಕಲ್ಲು ಹಿಡಿದು ಒಬ್ಬ ಬರುತ್ತಾನೆ. ಇದರಲ್ಲಿ ದೇವರಿಗೆ ಕೈ ಹಾಕಲು ಜಾಗವೇ ಇರಲಿಲ್ಲ. ರೈಲು ಕೊಲ್ಲಂ ದಾಟಿದಾಗ ಪಕ್ಕದವನು ಎಚ್ಚೆತ್ತು, ಬಾಯಿ ಒರೆಸಿಕೊಂಡು, ಇದು ಯಾವ ಸ್ಟೇಷನ್ ಎಂದು ಕೇಳಿದ. ಅಜಿತ್ ಬಹಳ ನಯವಾಗಿ ಉತ್ತರಿಸಿದ.

ಸ್ಟೇಷನ್ನಿನ ಹೊರಗೆ ತೇಜಸ್ವಿನಿ ಕಾರಿನಲ್ಲಿ ಕಾಯುತ್ತಿದ್ದಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು, ಅದು ಅವಳಿಗೆ ಒಪ್ಪುತ್ತಿತ್ತು. ಅವನಿಲ್ಲದೆ ಅವಳು ಚೆನ್ನಾಗಿರುವುದು ಅವನಿಗೆ ಚುಚ್ಚಿತು. ಹಿಂದಿನ ಸೀಟಿನಲ್ಲಿ ಕೃತಿ. ಏಳನೇ ಕ್ಲಾಸಿನ ಹುಡುಗಿ ಇಷ್ಟು ಉದ್ದ ಆಗಿರುತ್ತಾಳೆಂದು ಅವನು ಎಣಿಸಿರಲಿಲ್ಲ. ಕಾರಿನ ನಾಲ್ಕೂ ಗಾಜು ಪೂರಾ ಇಳಿಸಿತ್ತು. ಕೃತಿ ಮೊಣಕೈಯನ್ನೂ ಅರ್ಧ ಮುಖವನ್ನೂ ಹೊರಗೆ ಹಾಕಿ ಕೂತಿದ್ದಳು. "ಹಾಯ್ ಪಪ್ಪ," ಎಂದಳು. ಅವನು ಮುಂದಿನ ಸೀಟಿನಲ್ಲಿ ಕೂರುವ ಮೊದಲು, ಹಿಂದೆ ಕೂರಲೇ, ನಾನು ಹಿಂದೆಯೇ ಕೂರುತ್ತೇನೆ, ನನಗೆಲ್ಲಿಯಾದರೂ ಆದೀತು ಎಂದು ಎರಡೆರಡು ಸಲ ಹೇಳಿದ. "ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ, ಹಿಂದಿನ ಬಸ್ಸಿನವ ಹಾರ್ನ್ ಹಾಕ್ತಾ ಇದ್ದಾನೆ," ಎಂದಳು ತೇಜಸ್ವಿನಿ. ಕಡಲತಡಿಯ ವಿಳಿಂಜಂವರೆಗೂ ಗಾಳಿ ಕಿವಿಯಲ್ಲಿ ಭರ್ರೆನ್ನುತ್ತಿತ್ತು, ಮಾತಾಡುವ ಹಾಗಿರಲಿಲ್ಲ. ಬಂದರಿನ ಕೆಲಸ ಶುರುವಾದ ಮೇಲೆ ಬೈಪಾಸಿನ ತುಂಬ ಕಂಟೇನರ್ ಲಾರಿಗಳು. ಒಂದೊಂದು ದಾಟುವಾಗಲೂ ಧೂಳು ಒಳನುಗ್ಗಿ ಹಲ್ಲಿಗೆ ಸಿಗುತ್ತಿತ್ತು. ತೇಜಸ್ವಿನಿ ಕೆಮ್ಮುತ್ತಿದ್ದಳು, ಆದರೆ ಗಾಜು ಏರಿಸಲಿಲ್ಲ.

ಮೀನು ಹರಾಜಾಗುವ ಜಾಗದ ಹತ್ತಿರ ಒಂದು ಚಹಾದ ಅಂಗಡಿಯಲ್ಲಿ ಅವರಿಬ್ಬರನ್ನು ಕೂರಿಸಿ, "ನಾನು ಮೀನು ತರ್ತೇನೆ," ಎಂದು ತೇಜಸ್ವಿನಿ ಚೀಲ ಹಿಡಿದು ಹೊರಟಳು. ಹೊರಡುವಾಗ ಅವನ ಕಣ್ಣನ್ನೇ ಒಮ್ಮೆ ನೋಡಿದಳು. ಅವಳು ಯಾವತ್ತೂ ಯಾರಲ್ಲೂ ಬೇಡುವವಳಲ್ಲ. ಈಗ ಬೇಡುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಎರಡು ಚಹಾ, ಒಂದು ತಟ್ಟೆ ಪಳಂಪೊರಿ ಬಂತು. ಕೃತಿ ಬಾಳೆಹಣ್ಣಿನ ಆ ಬಿಸಿ ತುಂಡನ್ನು ಮುರಿದು ದೊಡ್ಡದನ್ನು ಅವನ ಕಡೆ ಸರಿಸಿದಳು. ಅವನು ಅದನ್ನು ತಿರುಗಿ ಅವಳ ಕಡೆ ಸರಿಸಿದ. ಅವಳು ಮತ್ತೆ ಸರಿಸಿದಳು. ಈಗಲೇ ಹೇಳಿಬಿಡಬೇಕು, ಚಹಾ ಆರುವುದರೊಳಗೆ, ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಕೃತಿಯೇ ಶುರು ಮಾಡಿದಳು. ಅವಳು ಮಾತಾಡಿದ್ದೆಲ್ಲ ಮಲಯಾಳದಲ್ಲಿ. ಕನ್ನಡ ಅರ್ಥವಾದರೂ ಅವಳ ನಾಲಿಗೆಗೆ ಅದು ಅಪರೂಪ.

"ಅಮ್ಮ ನಿಮ್ಮನ್ನು ಯಾಕೆ ಕರೆಸಿದ್ದು ಅಂತ ನನಗೆ ಗೊತ್ತು. ಪಪ್ಪ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಮೊದಲು ಇತ್ತು. ವಿಡಿಯೋ ನೋಡಿದ ಮೇಲೆ ಇಲ್ಲ."

"ಕೃತಿ..."

"ನನಗೂ ನೆನಪುಂಟು. ನೀವು ಹೇಳದೆ ಬಿಟ್ಟದ್ದು ಸಹ ನೆನಪುಂಟು. ಎದುರಿನ ಗಾಜಿನ ಮೇಲೆ ಒಂದು ಸ್ಟಿಕರ್ ಇತ್ತು, ಹಕ್ಕಿಯದ್ದು. ಸೀಟು ಸುಡುತ್ತಿತ್ತು. ನಾನು ಕರೆದೆ. ನೀವು ಬಾರಿನ ಬಾಗಿಲ ಹತ್ತಿರ ನಿಂತು ತಿರುಗಿ ನನ್ನನ್ನು ನೋಡಿದ್ರಿ. ನೋಡಿ ಒಳಗೆ ಹೋದ್ರಿ."

ಅಜಿತ್ ಚಹಾದ ಲೋಟವನ್ನು ಕೆಳಗಿಟ್ಟ. ಹಕ್ಕಿಯ ಸ್ಟಿಕರನ್ನು ಅವನು ಎಲ್ಲಿಯೂ ಹೇಳಿರಲಿಲ್ಲ. ತಿರುಗಿ ನೋಡಿದ್ದನ್ನೂ ಹೇಳಿರಲಿಲ್ಲ. ಒಂದು ಕ್ಷಣ ಅವನಿಗೆ ಆ ಬಾಗಿಲು ಕಂಡಿತು, ಕಪ್ಪು ಗಾಜಿನ ಬಾಗಿಲು, ಅದರ ಹಿತ್ತಾಳೆಯ ಹಿಡಿ ಅಂಗೈಗೆ ತಣ್ಣಗೆ ತಾಗಿತು. ತಿರುಗಿ ನೋಡಿದಾಗ ಬಿಸಿಲಿನಲ್ಲಿ ಕಾರು, ಅದರೊಳಗೆ ಒಂದು ಪುಟ್ಟ ಬಾಯಿ ತೆರೆದು ಮುಚ್ಚುತ್ತಿತ್ತು. ಇಲ್ಲದ ಕಾರಿನೊಳಗೆ ಈ ಹುಡುಗಿ ಎಷ್ಟು ದಿನದಿಂದ ಕೂತಿದ್ದಾಳೆ? ಹೇಳು, ಹೇಳಿಬಿಡು, ಒಂದೇ ಮಾತು. ಅದೇ ಹೊತ್ತಿಗೆ, ತಿರುಗಿ ನೋಡಿ ಒಳಗೆ ಹೋದೆ ಎಂಬ ಮಾತು ಮೈಕಿನಲ್ಲಿ ಹೇಗೆ ಕೇಳಿಸೀತು ಎಂಬುದೂ ಅವನ ತಲೆಯಲ್ಲಿ ಹಾದುಹೋಯಿತು. ಹಾದುಹೋದದ್ದನ್ನು ಅವನು ಗುರುತಿಸಿದ. ಗುರುತಿಸಿ ನಾಚಿದ. ಆದರೂ ಆ ಮಾತನ್ನು ಮರೆಯಲಿಲ್ಲ.

"ಕೃತಿ, ಕೇಳು," ಎಂದ. ದನಿ ಬಹಳ ಸಣ್ಣಗಿತ್ತು. "ಆಗ ನಮ್ಮ ಹತ್ರ ಕಾರು..."

"ಇರ್ಲಿಲ್ಲ ಅಂತ ಹೇಳ್ಲಿಕ್ಕೆ ಅಮ್ಮ ಹೇಳಿಕೊಟ್ಟದ್ದಲ್ವಾ?" ಅವಳು ನಕ್ಕಳು. ದೊಡ್ಡವರು ಚಿಕ್ಕವರನ್ನು ನೋಡಿ ನಗುವ ನಗು. "ಅಮ್ಮನಿಗೆ ಅಭ್ಯಾಸ ಅದು. ಎಲ್ಲರೂ ಸುಳ್ಳು ಹೇಳಿದ್ರು ಪಪ್ಪ, ಅಜ್ಜಿ ಸಹ. ನೀವೊಬ್ಬರೇ ಸತ್ಯ ಹೇಳಿದ್ದು, ಅಷ್ಟು ಜನರ ಎದುರು. ನನ್ನ ಕ್ಲಾಸಿನವರು ತಮಾಷೆ ಮಾಡ್ತಾರೆ. ನಾನು ಅವರಿಗೆ ಹೇಳಿದೆ, ನಿಮ್ಮ ಅಪ್ಪಂದಿರು ಯಾರಾದ್ರೂ ಹೀಗೆ ಹೇಳ್ತಾರಾ ಅಂತ." ಮೇಜಿನ ಮೇಲಿದ್ದ ಅವನ ಕೈಯ ಮೇಲೆ ಅವಳು ತನ್ನ ಕೈ ಇಟ್ಟಳು. ಬೆರಳಿಗೆ ಪಳಂಪೊರಿಯ ಎಣ್ಣೆ ಅಂಟಿತ್ತು. "ಅಮ್ಮ ಹೇಳಿಕೊಟ್ಟದ್ದೇ ಅಲ್ವಾ?"

ಈ ಕೈ ಅವನನ್ನು ಮುಟ್ಟದೆ ಎಷ್ಟು ಕಾಲವಾಯಿತು. ಅವಳ ಪ್ರಶ್ನೆಗೆ ಅಲ್ಲ ಎಂದರೆ ಸಾಕಿತ್ತು. ಅಲ್ಲ ಮಗಾ, ಅಮ್ಮ ಹೇಳುವುದು ನಿಜ, ನಾನು ಜನ ಅಳಲಿ ಎಂದು ಕಟ್ಟಿದ್ದು. ನಾನು ಅಂಥ ದೊಡ್ಡ ಪಾಪಿಯೇನೂ ಅಲ್ಲ, ಒಂದನೇ ಕ್ಲಾಸಿನ ಮಗುವಿನ ನೀರಿನ ಬಾಟಲಿಯಲ್ಲಿ ಕುಡಿದು ಮಗುವನ್ನೇ ಗದರಿಸಿದ ಸಣ್ಣ ಮನುಷ್ಯ. ಅಷ್ಟು ಹೇಳಿದರೆ ಆ ಕೈ ಅಲ್ಲಿ ಇರುತ್ತದೆಯೇ? ಇರಲಿಕ್ಕಿಲ್ಲ. ಲೋಕದಲ್ಲಿ ಅವನನ್ನು ಸತ್ಯವಂತ ಎಂದು ನಂಬಿದ ಜೀವ ಇದೊಂದೇ, ಅದು ನಂಬಿರುವುದು ಅವನ ಸುಳ್ಳನ್ನು. ಅವನು ತಲೆ ತಗ್ಗಿಸಿದ. ತಲೆ ತಗ್ಗಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಗದ್ದ ಎದೆಗೆ ತಾಗುವಷ್ಟು, ಕಣ್ಣು ಅರ್ಧ ಮುಚ್ಚಿ. ಕೃತಿ ಅದನ್ನು ಹೌದು ಎಂದೇ ತಿಳಿದಳು. "ಸಾರಮಿಲ್ಲ ಪಪ್ಪ," ಎಂದಳು. ಪರವಾಗಿಲ್ಲ ಎನ್ನಲು ಎಡಪ್ಪಳ್ಳಿಯ ಮನೆಯಲ್ಲಿ ಚೆರಿಯಾನ್ ಬ್ರದರ್ ಕೂಡ ಅದೇ ಮಾತು ಹೇಳುತ್ತಾರೆ. "ನಾನು ಕ್ಷಮಿಸಿ ಆಯ್ತು."

ತೇಜಸ್ವಿನಿ ಬಂದಾಗ ಅವಳ ಹಣೆಯ ಮೇಲೆ ಬೆವರಿತ್ತು, ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಂಜಲ್ ಸಿಕ್ಕಿತು, ಒಳ್ಳೇ ತಾಜಾ ಉಂಟು," ಎಂದಳು. ಆಮೇಲೆ ನಿಂತೇ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ, "ಹೇಳಿದ್ರಾ?" ಎಂದು ಕೇಳಿದಳು.

ಅವನ ತುಟಿ ಅಲುಗಿತು. ಏನು ಹೇಳಲು ಹೊರಟಿದ್ದನೋ ಅವನಿಗೂ ಗೊತ್ತಿರಲಿಲ್ಲ. ಕೃತಿ ಅಷ್ಟರಲ್ಲಿ ಅಮ್ಮನ ಕಡೆ ತಿರುಗಿ, ನಿಧಾನವಾಗಿ, ಶಬ್ದ ಹುಡುಕಿ ಹುಡುಕಿ, ಕನ್ನಡದಲ್ಲಿ ಹೇಳಿದಳು: "ಹೇಳಿದ್ರು ಅಮ್ಮ. ಹಾಗೆ ಆಗ್ಲೇ ಇಲ್ಲ. ನಮ್ಮ ಹತ್ರ ಕಾರೇ ಇರ್ಲಿಲ್ಲ. ನನಗೆ ಸುಮ್ಮನೆ ಹಾಗೆ ಅನ್ನಿಸಿದ್ದು."

ಹೇಳುವಾಗ ಅವಳು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಮೇಜಿನ ಅಡಿಯಲ್ಲಿ ಅವಳ ಪಾದ ಅವನ ಪಾದವನ್ನು ಮೆಲ್ಲಗೆ ಒತ್ತಿತು, ಹೆದರಬೇಡಿ ಎನ್ನುವಂತೆ. ತೇಜಸ್ವಿನಿ ಚೀಲವನ್ನು ಬೆಂಚಿನ ಮೇಲಿಟ್ಟು, ಮೀನಿನ ನೀರು ಅಂಟಿದ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು. ಅವಳು ಅಳುವುದನ್ನು ಅವನು ಹಿಂದೆ ಎಷ್ಟೋ ಸಲ ನೋಡಿದ್ದ, ಆದರೆ ಹೀಗೆ ಹಗುರಾಗಿ ಅತ್ತದ್ದನ್ನು ನೋಡಿರಲಿಲ್ಲ. "ನೀವು ಹೇಳುದಿಲ್ಲ ಅಂತ ಎಣಿಸಿದ್ದೆ," ಎಂದಳು. "ಆ ಮೈಕು, ಆ ಜನ ಎಲ್ಲ ಬಿಟ್ಟು ನೀವು ಹೇಳ್ಲಿಕ್ಕಿಲ್ಲ ಅಂತ. ಇದು ಕಷ್ಟ ಉಂಟು ಅಂತ ನನಗೆ ಗೊತ್ತು." ಆಮೇಲೆ, "ಊಟಕ್ಕೆ ಮನೆಗೆ ಬನ್ನಿ. ರಾತ್ರಿ ಸಹ ನಿಲ್ಲಿ. ನಾಳೆದು ನಾಳೆ ನೋಡುವ," ಎಂದಳು. ಅವನು ಚೀಲವನ್ನು ಎತ್ತಿಕೊಂಡ. ಅವಳು ಬೇಡವೆಂದರೂ ಬಿಡಲಿಲ್ಲ.

ವಾಪಸು ಹೋಗುವಾಗ ಕೃತಿ ಅವನನ್ನು ಹಿಂದೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಬೈಪಾಸಿಗೆ ಬರುತ್ತಲೇ ಎರಡು ಕಂಟೇನರ್ ಲಾರಿಗಳು ಒಂದರ ಹಿಂದೊಂದು ಧೂಳೆಬ್ಬಿಸುತ್ತ ಹೋದವು. ತೇಜಸ್ವಿನಿ ಕೆಮ್ಮಿ, ಕನ್ನಡಿಯಲ್ಲಿ ಮಗಳನ್ನು ನೋಡಿ, "ಗಾಜು ಹಾಕ್ಲಾ? ಇನ್ನು ಹೆದರಿಕೆ ಇಲ್ಲಲ್ಲ?" ಎಂದಳು.

"ಹಾಕಿ ಅಮ್ಮ. ಎಂತ ತೊಂದರೆ ಇಲ್ಲ," ಎಂದಳು ಕೃತಿ.

ನಾಲ್ಕೂ ಗಾಜು ಒಟ್ಟಿಗೆ ಏರಿದವು. ಗಾಳಿಯ ಸದ್ದು ನಿಂತು, ಕಾರಿನೊಳಗೆ ಮೀನಿನ ವಾಸನೆಯೂ ಏಸಿಯ ಸಣ್ಣ ಗುಯ್ ಸದ್ದೂ ಉಳಿಯಿತು. ತೇಜಸ್ವಿನಿ ಎಷ್ಟೋ ವರ್ಷದ ಮೇಲೆ ಊರಿನ ಒಂದು ಕೀರ್ತನೆಯ ರಾಗವನ್ನು ಮೂಗಿನಲ್ಲೇ ಗುನುಗತೊಡಗಿದಳು. ಕೃತಿ ನೆಟ್ಟಗೆ ಕೂತು ಎದುರಿಗೆ ನೋಡುತ್ತಿದ್ದಳು. ಅವಳ ಕೈ ಅವನ ಕೈಯೊಳಗಿತ್ತು. ಅದು ಮೊದಲು ಬೆಚ್ಚಗಾಯಿತು, ಆಮೇಲೆ ಒದ್ದೆಯಾಯಿತು, ಆಮೇಲೆ ತಣ್ಣಗಾಯಿತು. ಮೇಲ್ತುಟಿಯ ಮೇಲೆ ಬೆವರು ಮೂಡಿತು. ಅವಳು ಬಾಯಿಂದ ಉಸಿರೆಳೆದುಕೊಳ್ಳುತ್ತಿದ್ದಳು, ಸದ್ದಾಗದ ಹಾಗೆ, ಚೂರು ಚೂರಾಗಿ, ಎಳೆದದ್ದನ್ನು ಬಿಡಲು ಮರೆಯುತ್ತ. ಉಗುರುಗಳು ಅವನ ಅಂಗೈಯಲ್ಲಿ ಇಳಿದವು. ಅವನು ನೋಡಿದಾಗ ಅವಳು ಅವನ ಕಡೆ ತಿರುಗಿ ನಗಲು ಪ್ರಯತ್ನಿಸಿದಳು. ತುಟಿಗಳ ಬಣ್ಣ ಹೋಗಿತ್ತು.

ಗಾಜು ಇಳಿಸು ಎಂದರೆ ಸಾಕಿತ್ತು. ಇಳಿಸು ಎಂದರೆ ತೇಜಸ್ವಿನಿ ಕನ್ನಡಿಯಲ್ಲಿ ನೋಡುತ್ತಾಳೆ, ಮಗಳ ಮುಖ ನೋಡುತ್ತಾಳೆ, ಅವಳಿಗೆ ಎಲ್ಲ ತಿಳಿಯುತ್ತದೆ. ಮಗಳು ತನಗಾಗಿ ಇಷ್ಟು ಸಹಿಸುತ್ತಿರುವಾಗ ತಾನದನ್ನು ಹಾಳು ಮಾಡುವುದು ಸರಿಯೇ? ಇಂಥ ಪ್ರೀತಿಗೆ ತಾನು ಯೋಗ್ಯನಲ್ಲ ಎನ್ನಿಸಿ ಅವನ ಕಣ್ಣು ತುಂಬಿ ಬಂತು. ಯೋಗ್ಯನಲ್ಲದವನಿಗೂ ಕೊಡುವವನಲ್ಲವೇ ದೇವರು? ಅವಳ ತಣ್ಣಗಿನ ಕೈಯನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು, ಅದರ ಮೇಲೆ ಹಣೆ ಇಟ್ಟು, ಅಜಿತ್ ತುಟಿಯಲ್ಲೇ ಸ್ತೋತ್ರ ಹೇಳತೊಡಗಿದ.

ಕನ್ನಡಿಯಲ್ಲಿ ಅವನ ಬಾಗಿದ ತಲೆಯನ್ನು ಕಂಡ ತೇಜಸ್ವಿನಿ ಗುನುಗುವುದನ್ನು ನಿಲ್ಲಿಸಿ, ಪ್ರಾರ್ಥನೆಗೆ ಅಡ್ಡಿಯಾಗಬಾರದೆಂದು ಕಾರನ್ನು ನಿಧಾನ ಮಾಡಿದಳು.